ಶುಗರ್ ಯಾರ ಕಡೆಯದು?

ಗೆಳೆಯರೇ, ಇವತ್ತು ಬಸವೇಶ್ವರನಗರದ ಒಂದು ಮನೆಯಲ್ಲಿ ಜಗಳ ತಂದಿಟ್ಟು ಬಂದೆ. ಊಟ, ವಂಶವಾಹಿ, ಸಕ್ಕರೆ ಕಾಯಿಲೆ ನನ್ನ ಸಂಶೋಧನೆಯ ವಿಷಯ. ಹಾಗಾಗಿ ಕೇಳಲೇಬೇಕಾಯಿತು: "ನಿಮ್ಮಿಬ್ರಿಗಿಂತ ಮುಂಚೆ ಮನೇಲಿ ಯಾರಿಗೆ ಶುಗರ್ ಇತ್ತು ಸಾರ್?"

"ನಮ್ಮ ಕಡೆ ಯಾರಿಗೂ ಇಲ್ಲಮ್ಮ. ಎಲ್ಲಾ ಇವಳಮ್ಮನ ಕಡೆಯಿಂದ ಬಂದಿದ್ದು," ಎಂದರು ಯಜಮಾನರು.

ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಾ ಹೊರಗೆ ಬಂದರು: "ಓಹೋ! ನಿಮ್ಮಪ್ಪ ಹೋಳಿಗೆ ಮೇಲೂ ಸಕ್ಕರೆ ಉದುರಿಸ್ಕೊಂಡು ತಿಂತಿದ್ರಲ್ಲ, ಅದೇನು?"

ನಾನು ಸುಮ್ಮನಿರಬಹುದಿತ್ತು. "ಸಾರ್, ಇವರಮ್ಮ ನಿಮಗೆ ಸ್ವಂತ ಸೋದರತ್ತೆ ಅಂತ ಆಗ್ಲೇ ಅಂದ್ರಲ್ವಾ?"

"ಹೌದು, ಅತ್ತೆ ಮಗಳನ್ನೇ ಮಾಡ್ಕೊಂಡಿರೋದು."

"ಹಾಗಾದ್ರೆ ನಿಮ್ಮಿಬ್ರಿಗೂ ಒಬ್ಬರೇ ಅಜ್ಜಿ."

ಸಂಬಂಧ ಈಗಷ್ಟೇ ಗೊತ್ತಾದವರಂತೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೆ, ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ತೊಂಬತ್ತು ದಾಟಿದ ಅಜ್ಜಿಯ ಕಡೆ ತಿರುಗಿದರು.

ಅಜ್ಜಿ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಅವರೆಕಾಯಿಯಿಂದಲೇ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿದ್ದ ತಾತನನ್ನು ತೋರಿಸಿದರು. "ನಮ್ಮ ತವರಲ್ಲಿ ಯಾರಿಗೂ ಇರ್ಲಿಲ್ಲ ಕಣಮ್ಮ. ಎಲ್ಲಾ ಅವ್ರ ಕಡೇದು."

ಶುಗರ್ ಯಾರ ಕಡೆಯದೋ, ರಕ್ತಪರೀಕ್ಷೆ ಆದ ಮೇಲೆ ಹೇಳುತ್ತೇನೆ. ಬೆರಳು ತೋರಿಸುವುದು ಮಾತ್ರ ಪಕ್ಕಾ ವಂಶಪಾರಂಪರ್ಯ.