ಊರ ಮೇಲೆ ನಿಲ್ಲದ ಇಂಜಿನ್

ದೋಣಿಗೆ ಇಂಜಿನ್ ಕೂರಿಸಬೇಕೆಂದು ಅಣ್ಣ ಹೇಳಿದ ದಿನದಿಂದ ನನ್ನ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ಅದು ನಮ್ಮ ಊರ ಮೇಲೆ ನಿಲ್ಲುತ್ತದೋ ಇಲ್ಲವೋ.

ಊರು ಎಂದರೆ ಈಗ ನಾವಿರುವ ಪುನರ್ವಸತಿ ಕೇಂದ್ರವಲ್ಲ. ಬೀಳಗಿ ಕಡೆಯ ಹಳೆಯ ಊರು. ಕೃಷ್ಣೆಯ ಹಿನ್ನೀರು ಅದನ್ನು ನುಂಗಿ ಇಪ್ಪತ್ತು ವರ್ಷದ ಮೇಲಾಯಿತು. ತಗ್ಗಿನ ಊರಾದ್ದರಿಂದ ಬೇಸಿಗೆಯಲ್ಲೂ ಮೇಲೆ ಕಾಣುವುದಿಲ್ಲ. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಹುಟ್ಟು ಹಿಡಿದದ್ದು ಆ ಊರಿನ ದಂಡೆಯಲ್ಲಿ. ಶಾಲೆ ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಎದುರು ಗಾಳಿಗೆ ನನ್ನಷ್ಟು ಹೊತ್ತು ಹುಟ್ಟು ಹಾಕುವವನು ಈ ದಂಡೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ.

ನೀರು ತುಂಬಿದ ಮೇಲೂ ನಮ್ಮವರಲ್ಲಿ ಒಂದು ರೀತಿ ಉಳಿದುಕೊಂಡಿತು. ಊರ ಮೇಲೆ ಹುಟ್ಟು ಹಾಕುವುದಿಲ್ಲ. ದಡದ ದೊಡ್ಡ ಕರೆಂಟ್ ಕಂಬವೂ ಆಚೆ ಗುಡ್ಡದ ಬೋಳು ನೆತ್ತಿಯೂ ಒಂದೇ ಗೆರೆಗೆ ಬಂದವೆಂದರೆ ಕೆಳಗೆ ಊರ ಹೆಬ್ಬಾಗಿಲು, ಅಗಸಿ, ಬಂತೆಂದು ತಿಳಿಯಬೇಕು. ಆಗ ಹುಟ್ಟು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇವೆ. ದೋಣಿ ತನ್ನ ಓಟದಲ್ಲೇ ತೇಲುತ್ತ ಅಗಸಿ, ಗುಡಿ, ಸೇದುವ ಬಾವಿ ಎಲ್ಲ ದಾಟಿ ನಮ್ಮ ಮನೆಯ ಮೇಲೆ ಬಂದು ನಿಂತಂತಾಗುತ್ತದೆ. ಇದನ್ನು ಯಾರೂ ಕಲಿಸಲಿಲ್ಲ. ಕೆಳಗಿನ ಮನೆಗಳ ಮಣ್ಣಿನ ಮಾಳಿಗೆಯ ಮೇಲೆ ಕೋಲು ಬಡಿದಂತಾಗುತ್ತದೆ ಎಂದು ಮೊದಲ ವರ್ಷ ಯಾರೋ ಒಬ್ಬರು ಹುಟ್ಟು ಎತ್ತಿದರು, ಹಿಂದೆ ಬಂದವರೂ ಎತ್ತಿದರು. ಆ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ. ದಿನದಲ್ಲಿ ನಾನು ಕಾಯುತ್ತಿದ್ದ ಹೊತ್ತು ಅದು.

ಅಣ್ಣ ಇಂಜಿನ್ ಬೇಕೆಂದದ್ದರಲ್ಲಿ ತಪ್ಪಿರಲಿಲ್ಲ. ಬೆಳಗಿನ ಐಸಿನ ಗಾಡಿ ದಂಡೆಗೆ ಬರುತ್ತದೆ, ಮೊದಲು ಬಂದ ದೋಣಿಯ ಮೀನು ಐಸಿನ ನಡುವೆ ಕೂರುತ್ತದೆ. ನಾವು ಮುಟ್ಟುವ ಹೊತ್ತಿಗೆ ಇಂಜಿನ್ ದೋಣಿಯವರು ಬುಟ್ಟಿ ತೊಳೆದು ಚಹಾ ಕುಡಿಯುತ್ತಿರುತ್ತಿದ್ದರು. ನಮ್ಮ ಮೀನಿಗೆ ಸಿಗುತ್ತಿದ್ದದ್ದು ಉಳಿದ ಐಸಿನ ಪುಡಿ.

ಮುಧೋಳದಲ್ಲಿ ಪಂಪ್‌ಸೆಟ್ ಮಾರುವ ಅಂಗಡಿಯೊಂದರಲ್ಲಿ ದೋಣಿಯ ಇಂಜಿನ್ನುಗಳನ್ನೂ ತರಿಸಿಕೊಡುತ್ತಾರೆ. ಅಲ್ಲಿ ಎರಡು ಕಂಪನಿಯವು ಇದ್ದವು. ಒಂದು ನೀಲಿ ಬಣ್ಣದ್ದು, ದಪ್ಪ ಮೈ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಆಮೇಲೆ ಚಿಮಣಿ ಎಣ್ಣೆಗೆ, ಅಂದರೆ ಸೀಮೆಎಣ್ಣೆಗೆ, ತಿರುಗಿಸಬೇಕು. ಇನ್ನೊಂದು ಕಪ್ಪು, ಸಣ್ಣದು, ಬರೀ ಪೆಟ್ರೋಲಿನದು. ಅಂಗಡಿಯವನಿಗೆ ಕಪ್ಪಿನದನ್ನು ಮಾರುವ ಮನಸ್ಸು.

“ಇದು ನಮ್ಮ ಮುಧೋಳ ನಾಯಿ ಇದ್ದಂಗರೀ. ಮೈಯಾಗ ಏನೂ ಕಾಣಂಗಿಲ್ಲ, ಓಡಾಕತ್ತಂದ್ರ ಕಣ್ಣಿಗೆ ಸಿಗಂಗಿಲ್ಲ” ಎಂದ.

ಅಣ್ಣ ಕಪ್ಪು ಇಂಜಿನ್ನಿನ ನೆತ್ತಿ ಸವರಿ ನೋಡಿದ. “ನಾಯಿ ಓಡತೈತಿ ಖರೆ ಸಾವ್ಕಾರ್ರ, ಬಂಡಿ ಎಳಿತೈತೇನ್ರಿ?”

“ಮತ್ತ ನೀಲಿದು ಎತ್ತು ಅಂತ ತಿಳಕೋರಿ. ಆದ್ರ ಒಂದು ಮಾತು ಮೊದಲ ಹೇಳ್ತೇನಿ, ಕಾದ ಮ್ಯಾಲ ನಡಕ ಆರಿಸಬ್ಯಾಡ್ರಿ. ಚಿಮಣಿ ಎಣ್ಣಿ ಮ್ಯಾಲ ಆರಿಸಿದ್ರ ಮತ್ತ ಚಾಲೂ ಆಗಾಕ ತೋಳು ಕಳಚಿ ಬೀಳತಾವು.”

ನನಗೆ ಅಲ್ಲೇ ತೀರ್ಮಾನವಾಯಿತು. ಕಪ್ಪಿನದೇ ಆಗಬೇಕು. ಆದರೆ ಕಾರಣ ಬಾಯಿಬಿಟ್ಟು ಹೇಳಲಿಲ್ಲ. ಗಂಡಸರು ಹೇಳಿಕೊಳ್ಳುವ ಕಾರಣ ಅದಲ್ಲ ಎನ್ನಿಸಿತು. ಸದ್ದು ಕಡಿಮೆ, ಹೊಗೆ ಕಡಿಮೆ, ನೀರೊಳಗೆ ಜಾಲಿ ಕಂಟಿ ಸಿಕ್ಕರೆ ಪಂಖ ಎತ್ತುವುದು ಸುಲಭ ಎಂದೆಲ್ಲ ದಾರಿಯುದ್ದಕ್ಕೂ ಹೇಳಿದೆ.

ಮರುವಾರ ಅಂಗಡಿಯವನು ಎರಡನ್ನೂ ಟಂಟಂ ಗಾಡಿಯಲ್ಲಿ ಹೇರಿಕೊಂಡು ದಂಡೆಗೆ ತಂದ. ಓಡಿಸಿ ನೋಡಿ ಆರಿಸಿಕೊಳ್ಳಿ ಎಂದು ಬೇವಿನ ಮರದಡಿ ಕೂತ. ನನ್ನ ಹೆಂಡತಿಯೂ ದೋಣಿ ಹತ್ತಿದಳು. ಅವಳು ರಬಕವಿಯ ನೇಕಾರರ ಓಣಿಯಲ್ಲಿ ಹುಟ್ಟಿ ಬೆಳೆದವಳು. ನಮ್ಮ ಹಳೆಯ ಊರನ್ನು ಕಂಡವಳಲ್ಲ. ನೀರಿನ ಮೇಲಿಂದ ನಾನು ಬೆರಳು ಮಾಡಿ ತೋರಿಸಿದಷ್ಟೇ ಅವಳಿಗೆ ಗೊತ್ತು.

ಮೊದಲು ಕಪ್ಪಿನದು. ಗೆರೆ ಬಂದ ಕೂಡಲೇ ನಾನು ಇಂಜಿನ್ ಆರಿಸಿದೆ. ಹಳೆಯ ಹಾಗೇ ತೇಲಿದೆವು, ನೀರು ದೋಣಿಯ ಬದಿ ನೆಕ್ಕುವುದು ಕೇಳಿಸಿತು. ಮನೆ ದಾಟಿದ ಮೇಲೆ ಒಂದೇ ಸಲ ಹಗ್ಗ ಎಳೆದರೆ ಚಾಲೂ ಆಯಿತು. ನನ್ನ ಮುಖದಲ್ಲಿ ಗೆದ್ದ ಕಳೆ ಇದ್ದಿರಬೇಕು. ಅಣ್ಣ ಆ ಹೊತ್ತೆಲ್ಲ ಬಲೆಯ ಗಂಟು ಬಿಡಿಸುತ್ತ ಕೂತಿದ್ದ.

ಆಮೇಲೆ ನೀಲಿ. ಹಿಡಿಕೆ ಅಣ್ಣನ ಕೈಯಲ್ಲಿ. ದೋಣಿಯ ಹಲಗೆ ಹಲಗೆಯೂ ನಡುಗಿತು. ಹೆಂಡತಿ ನಗುತ್ತ ನನ್ನ ಕಿವಿಯ ಹತ್ತಿರ ಬಂದು, “ಇದ ಛಲೋ ಐತ್ರಿ. ಕಣ್ ಮುಚ್ಚಿದ್ರ ನಮ್ಮ ಓಣ್ಯಾಗ ಮಗ್ಗ ಬಡದಂಗ ಆಗತೈತಿ” ಎಂದಳು. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ದಂಡೆಯ ಮೌನಕ್ಕೆ ನಿದ್ದೆ ಬರುತ್ತಿಲ್ಲ ಎಂದು ಅತ್ತವಳು ಅವಳು. ಅಷ್ಟರಲ್ಲಿ ಕಂಬವೂ ಗುಡ್ಡವೂ ಗೆರೆಗೆ ಬಂದವು. ಅಣ್ಣ ಆರಿಸಲಿಲ್ಲ. ಹಿಡಿಕೆ ಇನ್ನಷ್ಟು ತಿರುವಿದ. ಅಗಸಿ, ಗುಡಿ, ಬಾವಿ, ಮನೆ ಎಲ್ಲ ಒಂದೇ ಉಸಿರಿಗೆ ಹಿಂದೆ ಬಿದ್ದವು.

ದಂಡೆಗೆ ಬಂದ ಮೇಲೆ ತಡೆಯಲಾಗಲಿಲ್ಲ. “ಊರ ಮ್ಯಾಲ ಹಂಗ ಹೋದೆಲ್ಲೋ ಅಣ್ಣಾ. ಮಾಳಗಿ ಮ್ಯಾಲ ಬಂಡಿ ಹೊಡದಂಗ ಆತು” ಎಂದೆ.

“ಯಾವ ಮಾಳಗಿ?” ಎಂದ ಅವನು.

“ನಮ್ದು.”

“ಮಾಳಗಿ ಎಲ್ಲೈತಿ ಲೇ ತಮ್ಮಾ? ಊರ ಬಿಡುವಾಗ ನಾನ ಇಳಿಸಿದ್ನಲ್ಲ. ನೀ ಜಮಖಂಡ್ಯಾಗ ಅತ್ತಿ ಮನ್ಯಾಗ ಇದ್ದಿ. ಮಣ್ಣು ಎಳದು, ಜಂತಿ ಎಬ್ಬಿಸಿ, ತೊಲಿ ಒಂದೊಂದ ಇಳಿಸಿದಾಂವ ನಾನು. ಅಡಗಿ ಮನ್ಯಾಗ ನೀರ ಬಂದಿತ್ತು, ಅದರಾಗ ನಿಂತ ಬಾಗಲಾ ಕಿತ್ತೇನಿ. ನೀ ಹುಟ್ಟ ಎತ್ತಿ ಕುಂತ್ರ ನಿನಗ ಮನಿ ಕಾಣತೈತಿ. ನನಗ ಬೋಳು ಗ್ವಾಡಿ ಕಾಣತಾವ. ದಿನಾ ನನ್ನ ಅಲ್ಲೆ ತಂದು ನಿಲ್ಲಸ್ತಿ ನೀ.”

ಅವನ ದನಿ ಏರಲಿಲ್ಲ. ಹೇಳಿ ಮುಗಿಸಿ ಬೀಡಿ ಹಚ್ಚಿದ. ಹೆಂಡತಿ ಸೆರಗು ಹೊದ್ದು ಬೇರೆ ಕಡೆ ನೋಡಿದಳು.

ಆ ತೊಲೆಗಳು ಈಗ ನಮ್ಮ ಹೊಸ ಮನೆಯ ಮೇಲಿವೆ. ದಿನಾ ಅವುಗಳ ಕೆಳಗೇ ಮಲಗುತ್ತೇನೆ. ಮೇಲಿದ್ದದ್ದನ್ನು ಇಳಿಸದೆ ಅವು ಇಲ್ಲಿಗೆ ಹೇಗೆ ಬಂದಾವು? ಗೊತ್ತಿದ್ದ ಮಾತೇ. ಆದರೂ ನೀರಿನ ಮೇಲೆ ಕೂತಾಗ ನನ್ನ ಕಣ್ಣಿಗೆ ಮಾಳಿಗೆ ಹಾಗೇ ಇರುತ್ತಿತ್ತು, ಅದರ ಮೇಲೆ ಅವ್ವ ಒಣಗಲು ಹಾಕಿದ ಮೆಣಸಿನಕಾಯಿಯೂ ಇರುತ್ತಿತ್ತು. ನಾನು ಅದನ್ನು ನೋಡುತ್ತ ಕೂತಿದ್ದಷ್ಟು ಹೊತ್ತೂ ಅಣ್ಣ ನನ್ನ ಬೆನ್ನ ಹಿಂದೆ ಕೂತಿರುತ್ತಿದ್ದ. ಒಮ್ಮೆಯೂ ತಿರುಗಿ ಅವನ ಮುಖ ನೋಡಿದವನಲ್ಲ.

ಅಂಗಡಿಯವನು ಚಹಾ ಮುಗಿಸಿ ಎದ್ದು ಬಂದ. “ಯಾವುದು ಇಟ್ಕೋತೀರಿ? ನಾಯಿನೋ, ಎತ್ತೋ?”

“ಎತ್ತು” ಎಂದೆ ನಾನೇ.

ಅಣ್ಣ ನನ್ನನ್ನು ಒಮ್ಮೆ ನೋಡಿದ. ನಂತರ ಇಬ್ಬರೂ ಸೇರಿ ಬೋಲ್ಟು ಬಿಗಿದೆವು.

ಈಗ ಐಸಿನ ಗಾಡಿಗೆ ನಮ್ಮ ಬುಟ್ಟಿ ಮೊದಲು ಏರುತ್ತದೆ. ನೀಲಿ ಇಂಜಿನ್ ಒಂದು ದಿನವೂ ಕೈಕೊಟ್ಟಿಲ್ಲ. ಊರು ಯಾವಾಗ ಬಂತು, ಯಾವಾಗ ಹೋಯಿತು ಎಂದು ತಿಳಿಯುವುದರೊಳಗೆ ದಾಟಿರುತ್ತೇವೆ. ಎಂದಾದರೊಂದು ಬೆಳಗ್ಗೆ ಎಣ್ಣೆ ತೀರಿ ಅದು ತಾನಾಗಿ ಅಲ್ಲೇ ಆರಿದರೆ ಎಂದು ಅನ್ನಿಸುತ್ತದೆ. ಯಾರ ತಪ್ಪೂ ಅಲ್ಲದ ಹಾಗೆ, ಸ್ವಲ್ಪ ಹೊತ್ತು. ಆದರೆ ದಿನಾ ಟಾಕಿಗೆ ಎಣ್ಣೆ ಹಾಕುವವನು ನಾನೇ. ಬಾಯಿವರೆಗೂ ತುಂಬಿಸಿ, ಮುಚ್ಚಳ ತಿರುವಿ, ಅಣ್ಣನಿಗೆ ಹೂಂ ಅನ್ನುತ್ತೇನೆ.