ಹವಾಲ್ದಾರರು ನೆಡಗೊಡದ ಬಾಂದು ಕಲ್ಲು

೨೦೦೪ರಲ್ಲಿ ನಾನು ನರಸಿಂಹರಾಜಪುರ ತಾಲ್ಲೂಕಿನಲ್ಲಿ ಸರ್ವೇಯರ್ ಆಗಿದ್ದೆ. ಮಾಜಿ ಸೈನಿಕರಿಗೆ ಸರ್ಕಾರಿ ಜಮೀನು ಮಂಜೂರಾದರೆ ಸ್ಥಳಕ್ಕೆ ಹೋಗಿ ಅಳೆದು, ಗಡಿಗೆ ಬಾಂದು ಕಲ್ಲು ನೆಡಿಸಿ, ಅವರ ವಶಕ್ಕೆ ಕೊಡಿಸುವುದು ನಮ್ಮ ಕೆಲಸ. ಕೇಳುವುದಕ್ಕೇನೋ ಸಲೀಸು. ನಮ್ಮ ಕಡೆ ಒತ್ತುವರಿಯಾಗದ ಸರ್ಕಾರಿ ಜಮೀನು ಹುಡುಕಿ ಕೊಡಿ ನೋಡೋಣ!

ಶೆಟ್ಟಿಕೊಪ್ಪದ ಕಡೆಯ ಹವಾಲ್ದಾರ್ ಮಂಜಪ್ಪ ಗಡಿಯಲ್ಲಿ ದುಡಿದು ನಿವೃತ್ತರಾಗಿ ಬಂದಿದ್ದರು. ಸ್ವಂತಕ್ಕೆ ಅಂಗೈಯಗಲ ನೆಲವಿಲ್ಲ. ಹೆಂಡತಿ, ಮಗಳನ್ನು ಕಟ್ಟಿಕೊಂಡು ಭಾವನ ಮನೆಯಲ್ಲಿ ಬಿಡಾರ. ಸ್ವಾತಂತ್ರ್ಯೋತ್ಸವದ ದಿನ ಊರ ಸಾಹುಕಾರರು ಅವರಿಗೆ ಶಾಲು ಹೊದೆಸಿ, ಸೈನಿಕನ ಕೆಲಸಕ್ಕಿಂತ ಪುಣ್ಯದ ಕೆಲಸ ಇನ್ನಿಲ್ಲ ಎಂದು ಮೈಕಿನ ಮುಂದೆ ಭಾಷಣ ಬಿಗಿದಿದ್ದರು. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು.

ಮಂಜಪ್ಪನವರಿಗೆ ಮಂಜೂರಾದದ್ದು ಆ ಸಾಹುಕಾರರ ಕಾಫಿ ತೋಟದ ಪಕ್ಕದ ಎರಡು ಎಕರೆ. ಆ ಸರ್ಕಾರಿ ಸರ್ವೆ ನಂಬರಿನ ಬಹುಪಾಲನ್ನು ಸಾಹುಕಾರರ ಕಾಫಿ ಎಂದೋ ನುಂಗಿತ್ತು. ಅದನ್ನು ಮುಟ್ಟುವ ಧೈರ್ಯ ಯಾವ ಅಧಿಕಾರಿಗೂ ಇರಲಿಲ್ಲ. ಉಳಿದ ಮೇಲ್ತುದಿಯಲ್ಲಿ ಸಾಹುಕಾರರದೇ ತೋಟದ ಕೂಲಿ ಲಚ್ಚಮ್ಮನ ಸೋಗೆ ಗುಡಿಸಲಿತ್ತು. ಹವಾಲ್ದಾರರಿಗೆ ಕೊಟ್ಟದ್ದು ಆ ತುದಿಯನ್ನು.

ಅಳತೆಯ ದಿನ ನಾವು ಅಳತೆಯ ಚೈನ್ ಬಿಚ್ಚುವಷ್ಟರಲ್ಲಿ ಲಚ್ಚಮ್ಮ ಪಾತ್ರೆಗಳನ್ನು ತಂದು ಅಂಗಳದಲ್ಲಿ ಇಡತೊಡಗಿದಳು.

"ಎಂತ ಮಾಡ್ತಿದೀಯೆ ಮಾರಾಯ್ತಿ?" ಎಂದೆ.

"ಮಿಲ್ಟ್ರಿಯೋರು ಬರ್ತಾರೆ, ಎದುರು ಮಾತಾಡ್ಬೇಡ, ಸುಮ್ನೆ ಎದ್ದು ಹೋಗು ಅಂತ ಸಾಹುಕಾರ್ರು ಹೇಳಿದಾರೆ ಅಯ್ಯಾ."

ಹೆಂಡತಿಯೊಡನೆ ಬಂದಿದ್ದ ಮಂಜಪ್ಪ ನನ್ನತ್ತ ತಿರುಗಿದರು. "ಸಾರ್, ನಿಮ್ಮ ಕಾಗದದಲ್ಲಿ ಈ ಜಾಗಕ್ಕೆ ಎಂತ ಅಂತ ಬರ್ದಿದಾರೆ?"

"ಖಾಲಿ ಜಾಗ" ಎಂದೆ.

"ಗಡೀಲೂ ಹಂಗೇ ಹೇಳೋರು ಸಾರ್. ಊರು ಖಾಲಿ ಆಗಿದೆ, ಹೋಗಿ ನೋಡ್ಕೊಂಡು ಬನ್ನಿ ಅಂತ. ಹೋದ್ರೆ ಒಲೆ ಮೇಲೆ ಅನ್ನ ಬೇಯ್ತಿರೋದು. ಆರ್ಡರ್ ಇತ್ತು, ಮನೆಯೋರ್ನ ಎಬ್ಬಿಸಿದೆ. ಇಲ್ಲಿ ನಂಗೆ ಯಾರ ಆರ್ಡರೂ ಇಲ್ಲ. ಕಲ್ಲು ನೆಡಬೇಡಿ."

ಬೇಲಿಯಾಚೆ ನಿಂತಿದ್ದ ಸಾಹುಕಾರರು ನಕ್ಕರು. "ಎಂತದಾ ಮಾರಾಯ, ಬಂದೂಕು ಹಿಡಿದೋನು ಒಂದು ಹೆಂಗಸಿಗೆ ಹೆದರೋದಾ?"

"ಹೆದರೋದಾಗಿದ್ರೆ ಅಲ್ಲೇ ಹೆದರಬೇಕಿತ್ತು" ಎಂದರು ಮಂಜಪ್ಪ.

ನನಗೆ ಸಾಹುಕಾರರ ಮೇಲೆ ಮೈಯೆಲ್ಲ ಉರಿಯಿತು. ಆದರೆ ಅಂದು ಮನಸ್ಸಿಗೆ ನಾಟಿದ್ದು ಹವಾಲ್ದಾರರ ಹೆಂಡತಿಯ ಮಾತು. "ಇವ್ರಿಗೆ ಊರೋರ ಒಲೆ ಎಲ್ಲ ಕಾಣತ್ತೆ. ನಂದೊಂದು ಕಾಣಲ್ಲ" ಎಂದು ಆಕೆ ಅಲ್ಲೇ ಕೂತು ಅತ್ತರು.

ಕಾಫಿಯೊಳಗಿನ ಸರ್ಕಾರಿ ನೆಲದಲ್ಲೇ ಮಂಜಪ್ಪನವರಿಗೆ ಜಾಗ ಗುರುತಿಸಬೇಕೆಂದು ನಾನು ವರದಿ ಬರೆದೆ. ವರದಿ ಅಲ್ಲಾಡಲಿಲ್ಲ, ನನ್ನನ್ನು ಮಾತ್ರ ಕೊಪ್ಪ ತಾಲ್ಲೂಕಿಗೆ ಎತ್ತಂಗಡಿ ಮಾಡಿದರು. ಮಂಜಪ್ಪ ಜಮೀನು ಬೇಡವೆಂದು ಬರೆದುಕೊಟ್ಟು, ಶೃಂಗೇರಿಯ ಲಾಡ್ಜೊಂದರಲ್ಲಿ ವಾಚ್‌ಮನ್ ಆದರು.

ಮರುವರ್ಷ ಆ ದಾರಿಯಲ್ಲಿ ಹೋದಾಗ ಗುಡಿಸಲು ಇರಲಿಲ್ಲ. ಸಾಹುಕಾರರ ಬೇಲಿ ಮೇಲ್ತುದಿಯವರೆಗೂ ಏರಿ, ಕಾಫಿ ಸಸಿ ಚಿಗುರಿತ್ತು. ಲಚ್ಚಮ್ಮ ಎಲ್ಲಿಗೆ ಹೋದಳೆಂದು ಊರವರಿಗೂ ತಿಳಿಯದು. ಅವಳನ್ನು ಎಬ್ಬಿಸಲು ಮಿಲ್ಟ್ರಿಯ ಹೆಸರೂ ಬೇಕಾಗಲಿಲ್ಲ.

ಶೃಂಗೇರಿಯಲ್ಲಿ ಮಂಜಪ್ಪ ಸಿಕ್ಕಾಗ ವಿಷಯ ಹೇಳಿ, "ನಿಮ್ಮ ಪಾಲಿನದ್ದು ನೀವು ಮರ್ಯಾದೆಯಿಂದ ಮಾಡಿದ್ರಿ" ಎಂದು ಸಮಾಧಾನ ಮಾಡಹೋದೆ. ಅವರು ಸಿಡುಕಿದರು. "ಎಂತ ಮರ್ಯಾದೆ ಸಾರ್? ಜಾಗ ನಾನೇ ತಗೊಂಡು, ಒಂದು ಮೂಲೆ ಅವಳಿಗೆ ಬಿಟ್ಟಿದ್ರೆ ಆಗ್ತಿತ್ತಲ್ಲ. ಅದು ಆಗ ಹೊಳೀಲೇ ಇಲ್ಲ. ಎಬ್ಬಿಸೋದು, ಇಲ್ಲಾ ವಾಪಸ್ ಬರೋದು. ನಂಗೆ ಕಲಿಸಿದ್ದು ಅವೆರಡೇ."

ಸೈನಿಕನ ಕೆಲಸ ಗೌರವದ್ದೋ ಅಲ್ಲವೋ ಎಂದು ಯಾರಾದರೂ ವಾದಕ್ಕೆ ಕೂತರೆ ನಾನು ಎದ್ದು ಬರುತ್ತೇನೆ. ನನ್ನ ಕೆಲಸ ಕಲಿಸಿದ್ದು ಬೇರೆ: ಒಳ್ಳೆಯವನು ಕೈಬಿಟ್ಟ ನೆಲ ಬಡವರಿಗೆ ಉಳಿಯುವುದಿಲ್ಲ.