ಮಾವ ಯುದ್ಧದಲ್ಲಿ ಸಾಯುತ್ತಿದ್ದ ದಿನಗಳು

ಹೋದ ಶುಕ್ರವಾರ ಮದರಾಸಿನ ಪಲ್ಲಾವರಂ ಸಂತೆಗೆ ಹೋಗಿದ್ದೆ. ಬೇಕಾಗಿದ್ದದ್ದು ಕುಕ್ಕರಿಗೆ ಒಂದು ಹಳೇ ಮುಚ್ಚಳ. ಕಣ್ಣಿಗೆ ಬಿದ್ದದ್ದು, ಕೆಟ್ಟ ಫ್ಯಾನುಗಳ ರಾಶಿಯ ಮೇಲಿದ್ದ ಒಂದು ತಗಡಿನ ಎದೆಕವಚ. ಚಿನ್ನದ ಬಣ್ಣ ಅರ್ಧ ಉದುರಿತ್ತು. ಎತ್ತಿಕೊಂಡು ಮೂಸಿ ನೋಡಿದೆ. ಕವಚವನ್ನು ಯಾರಾದರೂ ಮೂಸುತ್ತಾರೆಯೇ ಎಂದು ನೀವು ಕೇಳುತ್ತೀರಿ. ಅಂಗಡಿಯವನೂ ನನ್ನನ್ನು ಹಾಗೆಯೇ ನೋಡಿದ. ಆದರೆ ನಮ್ಮ ಶ್ರೀಪತಿ ಮಾವ ಎರಡು ವರ್ಷ ಇಂಥದ್ದೇ ಕವಚ ತೊಟ್ಟು ಯುದ್ಧದಲ್ಲಿ ಸಾಯುತ್ತಿದ್ದರು. ಬೆವರು, ಬಣ್ಣ, ಕುದುರೆ ಮೂರೂ ಬೆರೆತ ಆ ವಾಸನೆಯನ್ನು ನಾನು ಮರೆಯುವಂತಿಲ್ಲ.

ಆಗ ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಮಾಧವರಂನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಸುಶೀಲತ್ತೆ ಶನಿವಾರ ತಿರುವಲ್ಲಿಕ್ಕೇಣಿಯ ದೇವಸ್ಥಾನಕ್ಕೆ ಹೋದರೆ ಹಾಗೇ ಸಮುದ್ರದ ಕಡೆಗೂ ಒಂದು ಸುತ್ತು ಹಾಕಿ ಬರುತ್ತಿದ್ದಳು. ಒಂದು ಶನಿವಾರ ಅವಳು ಪ್ರಸಾದದ ಜೊತೆಗೆ ಒಂದು ಕುದುರೆಯನ್ನೂ ತಂದಳು, ಟೆಂಪೋದಲ್ಲಿ. ಮರೀನಾದಲ್ಲಿ ಮಕ್ಕಳನ್ನು ಹೊತ್ತು ತಿರುಗಿ ಬೇಸತ್ತ ಮುದಿ ಕುದುರೆ. ಮಕ್ಕಳ ಗುಂಪು ಕಂಡರೆ ಸಾಕು, ಮರಳಿನ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ, ಸತ್ತಂತೆ ಮಲಗಿಬಿಡುತ್ತಿತ್ತಂತೆ. ಯಜಮಾನ ಕೈಬಿಟ್ಟಿದ್ದ. “ವಯಸ್ಸಾಯ್ತು ಅಂತ ಬೀದೀಲಿ ಬಿಟ್ಬಿಡೋದಾ? ಪಾವಂ, ಪಾಪ ಅಲ್ವಾ ಅದು?” ಎಂದು ಅತ್ತೆ ನನ್ನನ್ನೇ ಗದರಿಸಿದಳು, ಬಿಟ್ಟವನು ನಾನೇ ಎನ್ನುವಂತೆ.

ಸುದ್ದಿ ಹಬ್ಬಿತು. ಕುಂಟು ಕುದುರೆಗಳು, ಒಕ್ಕಣ್ಣಿನವು, ಮದುವೆ ಮೆರವಣಿಗೆಯ ಪಟಾಕಿಗೆ ಕಿವುಡಾದವು ಒಂದೊಂದೇ ಬಂದವು. ಮನೆಯ ಪಕ್ಕದ ಖಾಲಿ ಸೈಟು ಲಾಯವಾಯಿತು. ವಿಚಿತ್ರವೆಂದರೆ ಎಲ್ಲಕ್ಕೂ ಹಳೇ ಯಜಮಾನರು ಇಟ್ಟ ಹೆಸರು ರಾಜಾ. ಅತ್ತೆ ಒಮ್ಮೆ ಕೂಗಿದರೆ ಒಂದೂ ತಿರುಗುತ್ತಿರಲಿಲ್ಲ, ಅಥವಾ ಎಲ್ಲವೂ ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದವು. ಕೊನೆಗೆ ಮೊದಲು ಬಂದದ್ದಕ್ಕೆ ಮಾತ್ರ ರಾಜ ಎಂಬ ಹೆಸರು ಉಳಿಯಿತು.

ಅಷ್ಟರಲ್ಲಿ ಅಂಬತ್ತೂರಿನಲ್ಲಿ ಮಾವ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತು. ಕೈಗೆ ಬಂದ ದುಡ್ಡನ್ನು ಕುದುರೆಗಳು ಹುಲ್ಲಿನ ರೂಪದಲ್ಲಿ ತಿಂದು ಮುಗಿಸಿದವು. ಮನೆಗೆ ಒಂದೇ ಮೂಟೆ ಹುರುಳಿ ಬರುತ್ತಿತ್ತು. ಅರ್ಧ ಲಾಯಕ್ಕೆ, ಅರ್ಧ ನಮಗೆ. ಹುರುಳಿ ಸಾರು, ಹುರುಳಿ ಪಲ್ಯ, ಹುರುಳಿ ಚಟ್ನಿ. ನಾನು ಆಫೀಸಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತತೊಡಗಿದ್ದೆ. ಆದರೆ ಮೂಟೆಯೂ ನಿಲ್ಲುವ ಹೊತ್ತು ಬಂತು. ಮಾವ ರಾತ್ರಿಯೆಲ್ಲ ಜಗಲಿಯ ಮೇಲೆ ಕೂತಿರುತ್ತಿದ್ದರು. ಕುದುರೆಗಳನ್ನು ಎಲ್ಲಿಗೆ ಕಳಿಸುವುದೆಂದು ಅತ್ತೆಯನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಗ ಬಂದದ್ದು ಟಿವಿಯವರು. ಭಾನುವಾರದ ಒಂದು ಪುರಾಣದ ಸೀರಿಯಲ್ಲಿಗೆ ಕುದುರೆ ಬೇಕಿತ್ತು. ನಮ್ಮಲ್ಲಿ ಓಡುವಂಥದ್ದು ಒಂದೂ ಇಲ್ಲ ಎಂದು ಅತ್ತೆ ಪ್ರಾಮಾಣಿಕವಾಗಿ ಹೇಳಿದಳು. ಓಡುವುದು ಬೇಡಮ್ಮಾ, ಕುರುಕ್ಷೇತ್ರದಲ್ಲಿ ಸತ್ತು ಬಿದ್ದಿದ್ದರೆ ಸಾಕು ಎಂದರು ಬಂದವರು. ನಾವೆಲ್ಲ ರಾಜನ ಕಡೆ ನೋಡಿದೆವು.

ರಾಜ ಮೊದಲ ದಿನವೇ ಮಾನ ಕಳೆಯಿತು. ರಣರಂಗದಲ್ಲಿ ಮಕ್ಕಳಿರಲಿಲ್ಲವಲ್ಲ, ಅದಕ್ಕೆ ಸಾಯುವ ಕಾರಣವೇ ಸಿಗಲಿಲ್ಲ. ಕೌರವರ ಧ್ವಜವನ್ನು ಅಗಿಯುತ್ತ ನಿಂತಿತು. ಜೊತೆಗೆ ಹೋಗಿದ್ದ ಮಾವನಿಗೆ ತಡೆಯಲಾಗಲಿಲ್ಲ. “ಹೀಗೆ ಕಣೋ” ಎಂದು ತಾವೇ ಮಣ್ಣಿನಲ್ಲಿ ಅಂಗಾತ ಮಲಗಿ ತೋರಿಸಿದರು. ರಾಜ ಬಗ್ಗಿ ನೋಡಿತು, ನಿಟ್ಟುಸಿರು ಬಿಟ್ಟಿತು, ಪಕ್ಕದಲ್ಲೇ ಮಲಗಿ ಅವರ ಭುಜದ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿತು.

“ಸಾಮಿ, ನೀಂಗಳೂ ಅಪ್ಪಡಿಯೇ ಪಡುಂಗೋ” ಎಂದರು ಶೂಟಿಂಗಿನ ಮ್ಯಾನೇಜರು. ನೀವೂ ಹಾಗೇ ಮಲಗಿರಿ, ಎಂದು. ಹೊರಗೆ ನೀರು ಕೂಡ ಮುಟ್ಟದ ಮಾವನಿಗೆ ಕವಚ ತೊಡಿಸಿದರು. ಹಣೆಯ ಅಂಗಾರ, ಅಕ್ಷತೆ ಅಳಿಸಬೇಕೆಂದಾಗ ಮಾತ್ರ ಅವರು ಎದ್ದು ಕೂತರು. “ಯಾಕೆ, ಕುರುಕ್ಷೇತ್ರದಲ್ಲಿ ವೈಷ್ಣವರು ಸಾಯ್ಲೇ ಇಲ್ವಾ?” ಕೊನೆಗೆ ಟಿವಿಯವರು ಅವುಗಳ ಮೇಲೆ ಸ್ವಲ್ಪ ರಕ್ತ ಬಳಿದು ಒಪ್ಪಂದಕ್ಕೆ ಬಂದರು.

ಅದು ಪ್ರಸಾರವಾದ ಭಾನುವಾರ ಮಾವನ ಅಕ್ಕ ಫೋನಿನಲ್ಲಿ ಗೋಳೋ ಎಂದು ಅತ್ತರು. ಫೋನು ಎತ್ತಿದವರು ಮಾವನೇ ಎಂಬುದು ಅವರಿಗೆ ಸಮಾಧಾನ ಕೊಡಲಿಲ್ಲ. ಆಮೇಲೆ ಮಾವ ವಾರವಾರವೂ ಸತ್ತರು. ಒಂದು ವಾರ ಪಾಂಡವರ ಕಡೆ, ಇನ್ನೊಂದು ವಾರ ಕೌರವರ ಕಡೆ. ಹೀಗೆ ಪಕ್ಷ ಬದಲಾಯಿಸುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಬಂದು ಹೇಳಿಹೋದರು.

ಹದಿನೆಂಟು ದಿನದ ಯುದ್ಧವನ್ನು ಸೀರಿಯಲ್ಲಿನವರು ಎರಡು ವರ್ಷ ಎಳೆದರು. ಯುದ್ಧವಿದ್ದಷ್ಟು ದಿನ ಲಾಯದಲ್ಲಿ ಹುಲ್ಲು. ಅತ್ತೆ ಸಂಜೆ ದೀಪ ಹಚ್ಚಿ, ದುರ್ಯೋಧನನಿಗೆ ಆಯುಸ್ಸು ಕೊಡಪ್ಪಾ ಎಂದು ಕೃಷ್ಣನನ್ನೇ ಬೇಡುತ್ತಿದ್ದಳು. ಕೃಷ್ಣ ಎಷ್ಟು ದಿನ ಕೇಳಿಯಾನು? ಒಂದು ಭಾನುವಾರ ದುರ್ಯೋಧನನ ತೊಡೆ ಮುರಿಯಿತು. ಇಡೀ ಮದರಾಸಿನಲ್ಲಿ ಅವತ್ತು ಅವನಿಗಾಗಿ ಅತ್ತದ್ದು ನಮ್ಮ ಮನೆಯೊಂದೇ ಇರಬೇಕು.

ಆದರೆ ಅಷ್ಟು ಹೊತ್ತಿಗೆ, ಲದ್ದಿಯ ವಾಸನೆ ಎಂದು ಜಗಳಕ್ಕೆ ಬರುತ್ತಿದ್ದ ಕಾಲೊನಿಯವರಿಗೇ ರಾಜನೆಂದರೆ ಹೆಮ್ಮೆಯಾಗಿತ್ತು. ಊರಿಂದ ನೆಂಟರು ಬಂದರೆ, ಟಿವಿಯಲ್ಲಿ ಸಾಯುವ ಕುದುರೆ ತೋರಿಸ್ತೀವಿ ಎಂದು ಕರೆತರುತ್ತಿದ್ದರು; ಬರುವಾಗ ಹುರುಳಿಯನ್ನೋ ಬೂಸವನ್ನೋ ತರುತ್ತಿದ್ದರು. ಹೆಡ್‌ಮಾಸ್ಟರು ಪ್ರತಿ ತಿಂಗಳೂ ಒಂದು ಹೊರೆ ಹುಲ್ಲು ಕಳಿಸಿದರು, ತಮ್ಮ ಹೆಸರು ಹೇಳಬಾರದೆಂದು ಎಲ್ಲರಿಗೂ ಹೇಳಿ. ಲಾಯ ಹಾಗೆ ಉಳಿಯಿತು.

ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ರಾಜ ಏಳಲಿಲ್ಲ. ನಾವು ಯಾರೂ ನಂಬಲಿಲ್ಲ. ಮಕ್ಕಳು ಹೋದ ಮೇಲೆ ಏಳುತ್ತದೆ ಎಂದು ಮಕ್ಕಳನ್ನು ಗೇಟಿನಿಂದಾಚೆ ಕಳಿಸಿದೆವು. ಪರೀಕ್ಷಿಸಲು ಬಂದ ಪಶುವೈದ್ಯೆ ಕೂಡ ಎರಡನೇ ಸಲ ಎದೆಗೆ ಕಿವಿಯಿಟ್ಟು ಕೇಳಿದಳು. ಉಳಿದ ಕುದುರೆಗಳನ್ನು ಆಮೇಲೆ ಅವಳೇ ತಿರುವಳ್ಳೂರಿನ ಹತ್ತಿರದ ತನ್ನ ಜಮೀನಿಗೆ ಒಯ್ದಳು. ಈಗಲೂ ಅಲ್ಲಿಗೆ ಮುದಿ ಕುದುರೆಗಳು ಬರುತ್ತವೆ, ಅತ್ತೆಯೂ ಹೋಗಿಬರುತ್ತಾಳೆ.

ಸಂತೆಯಿಂದ ಮನೆಗೆ ಹೋಗಲು ಮನಸ್ಸಾಗದೆ ನೇರ ಮಾಧವರಂಗೆ ಹೋದೆ. ಮಾವನಿಗೆ ಎಂಬತ್ತು ದಾಟಿದೆ. ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದೆ: ಅಷ್ಟು ಹೊತ್ತು ಸತ್ತು ಬಿದ್ದಿರುವಾಗ ಏನು ಯೋಚನೆ ಮಾಡುತ್ತಿದ್ದಿರಿ?

“ಯೋಚನೆ ಏನು ಬಂತು. ಫ್ಯಾಕ್ಟರಿ ಮುಚ್ಚಿದ ಮೇಲೆ ನಂಗೆ ನಿದ್ದೇನೇ ಹತ್ತುತ್ತಿರ್ಲಿಲ್ಲ ಕಣೋ. ರಾಜ ಪಕ್ಕದಲ್ಲಿ ಮಲಗಿದ್ರೆ ಮಾತ್ರ ಬರೋದು. ಅರ್ಧ ಯುದ್ಧ ನಾನು ನಿಜವಾಗ್ಲೂ ಮಲಗೇ ಇದ್ದೆ.”

ಗೊರಕೆ ಕೇಳಿಸಿ ಒಮ್ಮೆ ಭೀಷ್ಮನ ಮಾತನ್ನು ಮತ್ತೆ ಶೂಟಿಂಗ್ ಮಾಡಬೇಕಾಯಿತೆಂದು ಅತ್ತೆ ಒಳಗಿನಿಂದ ಹೇಳಿದಳು. ನಾನು ನಕ್ಕೆ. ಈ ಕಥೆ ಹೇಳಿ ಎಷ್ಟೋ ಮದುವೆಮನೆಗಳಲ್ಲಿ ನಗಿಸಿದ್ದೇನೆ. ಯಾವಾಗಲೂ ‘ನಮ್ಮ ಮಾವ ಒಂದು ಕುದುರೆಯನ್ನು ಉಳಿಸಿದರು’ ಎಂದೇ ಶುರುಮಾಡುತ್ತಿದ್ದೆ. ಇನ್ನು ಮೇಲೆ ಹೇಗೆ ಶುರುಮಾಡಬೇಕೋ ತಿಳಿಯುತ್ತಿಲ್ಲ.